ಕ್ಯಾಂಪರ್ ವ್ಯಾನಿಗೆ ಯಾವುದು ಬೇಕು, ಯಾವುದು ಬೇಡ?

ಹೊಸ ಕ್ಯಾಂಪರ್ ವ್ಯಾನ್ ಬುಕ್ ಮಾಡುವವರ ಜೇಬಿಗೆ ಕತ್ತರಿ ಹಾಕುವುದು ವ್ಯಾನಿನ ಬೆಲೆಯಷ್ಟೇ ಅಲ್ಲ, ಅದರ ಬೆನ್ನಿಗೇ ಬರುವ ‘ಎಕ್ಸ್‌ಟ್ರಾ ಫಿಟ್ಟಿಂಗ್’ ಪಟ್ಟಿ ಕೂಡ. ಚೆಂಬೂರಿನ ನಮ್ಮ ಮನೆಯಲ್ಲಿ ಈಗ ಅದೇ ಚರ್ಚೆ. ಪ್ರತಿಯೊಂದಕ್ಕೂ ನಾನು ಕೇಳುವುದು ಎರಡೇ ಪ್ರಶ್ನೆ: ಇದಿಲ್ಲದಿದ್ದರೆ ಮನೆಯವರಲ್ಲಿ ಯಾರಾದರೂ ಪ್ರಯಾಣವನ್ನೇ ಬಿಡಬೇಕಾಗುತ್ತದೆಯೇ? ಇದನ್ನು ಆಮೇಲೆ ಹಾಕಿಸಬಹುದೇ?

ಇಲ್ಲಿಂದ ಧಾರವಾಡಕ್ಕೆ ಸುಮಾರು 550 ಕಿ.ಮೀ. ಮಂಡಿನೋವಿರುವ ಅಮ್ಮ ನಮ್ಮೊಡನೆ ಹೊರಡಲು ಹಿಂಜರಿಯುವುದು ದಾರಿಯ ಶೌಚಾಲಯಗಳಿಗೆ ಹೆದರಿ. ಹಾಗಾಗಿ ವ್ಯಾನಿನೊಳಗಿನ ಶೌಚಾಲಯ, ತಗ್ಗಾದ ಮೆಟ್ಟಿಲು, ಗಟ್ಟಿ ಹಿಡಿಕೆ ನಮಗೆ ಐಷಾರಾಮವಲ್ಲ.

ಎ.ಸಿ. ಲೆಕ್ಕ ಬೇರೆ. ಗಂಟೆಗೆ ಮುಕ್ಕಾಲು ಯೂನಿಟ್ ಎಳೆದರೂ ಎಂಟು ಗಂಟೆಯ ನಿದ್ದೆಗೆ ಆರು ಯೂನಿಟ್ ಬೇಕು. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1.2 ಯೂನಿಟ್. 200 ವ್ಯಾಟಿನ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಕೊಡುವುದು ಹೆಚ್ಚುಕಡಿಮೆ ಒಂದು ಯೂನಿಟ್. ಮಳೆಗಾಲದಲ್ಲಿ ಅದೂ ಇಲ್ಲ. ಫ್ಯಾನು, ದೀಪ, ಮೊಬೈಲಿಗೆ ಇಷ್ಟು ಸಾಕು. ರಾತ್ರಿಯಿಡೀ ಎ.ಸಿ. ಬೇಕೆಂದರೆ ಹೊರಗಿನ ವಿದ್ಯುತ್ ಸಿಗುವ ಜಾಗದಲ್ಲೇ ತಂಗಬೇಕು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿದೆ. ಆದ್ದರಿಂದ ಚಾವಣಿ, ಸೀಟು, ಶೌಚಾಲಯದಂಥವನ್ನು ನೋಂದಣಿಗೆ ಮೊದಲೇ ತಯಾರಕರಿಂದ ಮಾಡಿಸಿಕೊಳ್ಳಿ. ಒಲೆ, ಮಡಿಸುವ ಕುರ್ಚಿ, ಪುಟ್ಟ ಫ್ರಿಜ್ಜಿಗೆ ಅವಸರವೇನೂ ಇಲ್ಲ. ಎರಡು ಸಲ ಊರಿಗೆ ಹೋಗಿಬನ್ನಿ. ಯಾವುದು ಬೇಕೆಂದು ದಾರಿಯೇ ಹೇಳುತ್ತದೆ.