ಕಥೆಯಿಲ್ಲದ ಬಿಂಬ, ಫಲವಿಲ್ಲದ ಕಾಮ

ಶಿವಾಜಿನಗರದ ಚಿತ್ರಮಂದಿರಗಳ ಭಿತ್ತಿಪತ್ರಗಳನ್ನು ಕಂಡು ಗೃಹಸ್ಥರು ಮಕ್ಕಳ ಕೈಹಿಡಿದು ಬೇಗಬೇಗನೆ ದಾಟಿಹೋಗುತ್ತಿದ್ದ ಕಾಲವೊಂದಿತ್ತು. ಆ ಚಿತ್ರಗಳು ತಮ್ಮನ್ನು ಕಲೆಯೆಂದು ಹೇಳಿಕೊಳ್ಳುತ್ತಿರಲಿಲ್ಲ. ಶೃಂಗಾರದ ದೃಶ್ಯಗಳನ್ನು ಪೋಣಿಸಿ, ಕಥೆಯನ್ನು ಬೇಕೆಂದೇ ಸಡಿಲಬಿಟ್ಟು, ಅದನ್ನು ಪ್ರಯೋಗವೆನ್ನುವ ಸಿನಿಮಾ ಬೇರೆಯೇ ಇದೆ. ಶೃಂಗಾರವು ಭಾರತೀಯ ಪರಂಪರೆಯದೇ ಅಲ್ಲವೆ ಎಂಬುದು ಅದರ ಸಮರ್ಥಕರ ವಾದ. ಆ ವಾದವನ್ನು ಪರಂಪರೆಯ ಮುಂದೆಯೇ ಇಟ್ಟು ಪರೀಕ್ಷಿಸಬೇಕು.

ಮಣಿ ಕೌಲ್ ಅವರು 1994ರಲ್ಲಿ, ಜರ್ಮನಿಯ ನಿರ್ಮಾಪಕಿ ರೆಗಿನಾ ಝೀಗ್ಲರ್ ಅವರ ಶೃಂಗಾರಕಥೆಗಳ ಮಾಲಿಕೆಗಾಗಿ ‘ದಿ ಕ್ಲೌಡ್ ಡೋರ್’ ಎಂಬ ಕಿರುಚಿತ್ರವನ್ನು ಮಾಡಿದರು. ಭಾಸನ ‘ಅವಿಮಾರಕ’, ಜಾಯಸಿಯ ‘ಪದ್ಮಾವತ್’ ಅದಕ್ಕೆ ಆಧಾರ. ಅದನ್ನು ಬೀದಿಯ ಅಶ್ಲೀಲದ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ಜಾಯಸಿಯ ಕಾವ್ಯವು ಗಿಳಿಯ ಮಾತಿನಿಂದ ಹುಟ್ಟಿದ ಮೋಹವನ್ನು ಯುದ್ಧ, ಮರಣ, ಚಿತೆಯ ಬೂದಿಯವರೆಗೂ ಒಯ್ಯುತ್ತದೆ. ಚಿತ್ರವು ಗಿಳಿಯನ್ನೂ ಮೋಹವನ್ನೂ ಉಳಿಸಿಕೊಂಡು ಬೂದಿಯನ್ನು ಕೈಬಿಟ್ಟಿತು. ಜಮೆಯನ್ನಷ್ಟೇ ಬರೆದು ಖರ್ಚನ್ನು ಬರೆಯದ ಖಾತೆಯನ್ನು ಯಾವ ವರ್ತಕನೂ ಒಪ್ಪುವುದಿಲ್ಲ.

ಪಂಪನ ‘ಆದಿಪುರಾಣ’ (ಕ್ರಿ.ಶ. 941) ಇದಕ್ಕೆ ಹತ್ತು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ. ನೀಲಾಂಜನೆಯ ನೃತ್ಯಕ್ಕಿಂತ ಮನೋಹರವಾದ ಸನ್ನಿವೇಶ ಕನ್ನಡದಲ್ಲಿ ವಿರಳ. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಯು ಆ ಬಿಂಬವನ್ನೇ ನೋಡುತ್ತ ಮೈಮರೆತಿರುತ್ತದೆ. ಆದಿದೇವನೊಬ್ಬನೇ ಮರಣವನ್ನು ಕಂಡು ವಿರಕ್ತನಾಗುತ್ತಾನೆ. ಕವಿಯು ಶೃಂಗಾರಕ್ಕೆ ಅಂಜಲಿಲ್ಲ. ಅದರ ಫಲವನ್ನು ಮರೆಸಲೂ ಇಲ್ಲ. ಇಲ್ಲಿಂದ ಕಥೆಯನ್ನು ತೆಗೆದರೆ ಉಳಿಯುವುದು ಇಂದ್ರನ ಬಿಂಬ, ಮೈಮರೆತ ಸಭೆ, ಅಷ್ಟೇ.

ನ್ಯಾಯಾಲಯದ ತಕ್ಕಡಿಯೂ ಇದೇ. ‘ಬ್ಯಾಂಡಿಟ್ ಕ್ವೀನ್’ ಚಿತ್ರದ ನಗ್ನದೃಶ್ಯವನ್ನು ಸುಪ್ರೀಂ ಕೋರ್ಟು 1996ರಲ್ಲಿ ಒಪ್ಪಿದ್ದು, ಆ ಹೆಣ್ಣು ಅನುಭವಿಸಿದ ಅವಮಾನದ ಕಥೆಯೊಡನೆ ಅದನ್ನು ತೂಗಿ ನೋಡಿದ ಮೇಲೆ. ಕಥೆಯನ್ನೇ ಕಳಚಿಟ್ಟವರು ಯಾವ ತಕ್ಕಡಿಯಲ್ಲಿ ತೂಗಿಸಿಕೊಳ್ಳುತ್ತಾರೆ?

ಆದರೆ ಬಹಿಷ್ಕಾರದ ಠರಾವುಗಳಿಂದ ಆಗುವುದೇನೂ ಇಲ್ಲ. ಚಿತ್ರಮಂದಿರದ ಗೋಡೆಯನ್ನು ದಾಟಿ ಹೋಗಬಹುದಿತ್ತು. ಮಕ್ಕಳ ಕೈಯಲ್ಲಿರುವ ಮೊಬೈಲನ್ನು ದಾಟಲಾಗದು. ಬಸದಿಗಳ ಆಡಳಿತ ಮಂಡಳಿಗಳು ನೀಲಾಂಜನೆಯ ಪ್ರಸಂಗವನ್ನು ತರುಣ ತರುಣಿಯರಿಗೆ ಪೂರ್ತಿಯಾಗಿ ಓದಿಸಲಿ. ನೃತ್ಯವನ್ನು ಬಿಟ್ಟು ವೈರಾಗ್ಯವನ್ನಷ್ಟೇ ಓದಿಸಿದರೆ ಅದೂ ಅರ್ಧ ಖಾತೆಯೇ. ಎರಡನ್ನೂ ಓದಿದವರು ಯಾವ ಬಿಂಬದ ಮುಂದೆಯೂ ‘ಆಮೇಲೆ ಏನಾಯಿತು?’ ಎಂದು ಕೇಳಬಲ್ಲರು.