ಎಣಿಸದೆ ಬಿಟ್ಟ ಎಚ್ಚರಿಕೆಗಳು

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನ ರೇಗನ್ ವಿಮಾನನಿಲ್ದಾಣದ ಬಳಿ 2025ನೆಯ ಇಸವಿ ಜನವರಿ 29ರ ರಾತ್ರಿ ಪ್ರಯಾಣಿಕರ ವಿಮಾನಕ್ಕೂ ಸೈನ್ಯದ ಹೆಲಿಕಾಪ್ಟರಿಗೂ ಆಕಾಶದಲ್ಲಿಯೇ ಡಿಕ್ಕಿಯಾಗಿ 67 ಮಂದಿ ಪ್ರಾಣ ನೀಗಿದುದನ್ನು ವಾಚಕರು ಮರೆತಿರಲಾರರು. ಆ ದುರಂತದಷ್ಟೇ ನಮ್ಮ ಮನಸ್ಸನ್ನು ಕಲಕಿದುದು ತರುವಾಯ ಹೊರಬಿದ್ದ ಲೆಕ್ಕ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯವರು ಹಳೆಯ ದಾಖಲೆಗಳನ್ನು ತೆಗೆದು ನೋಡಲಾಗಿ, 2021ರ ಅಕ್ಟೋಬರಿನಿಂದ 2024ರ ಡಿಸೆಂಬರಿನವರೆಗೆ ವಿಮಾನಗಳೂ ಹೆಲಿಕಾಪ್ಟರುಗಳೂ ಒಂದು ನಾಟಿಕಲ್ ಮೈಲಿಗಿಂತ ಕಡಮೆ ದೂರದಲ್ಲಿ, 400 ಅಡಿಗಿಂತ ಕಡಮೆ ಎತ್ತರದ ಅಂತರದಲ್ಲಿ ಹಾದುಹೋದ ಪ್ರಸಂಗಗಳು 15,214 ಎಂದು ಕಂಡುಬಂತು. 85 ಪ್ರಸಂಗಗಳಲ್ಲಂತೂ ಅವುಗಳ ನಡುವಣ ದೂರ 1,500 ಅಡಿಗೂ, ಎತ್ತರದ ಅಂತರ 200 ಅಡಿಗೂ ಕಡಮೆಯಾಗಿತ್ತು. ದಾಖಲೆ ಇತ್ತು, ಎಣಿಸುವವರಿರಲಿಲ್ಲ. ಹೆಲಿಕಾಪ್ಟರುಗಳ ಆ ಮಾರ್ಗವನ್ನು ಮುಚ್ಚಿದುದು ಅನಾಹುತವಾದ ಬಳಿಕ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು.

ಹೀಗೆ ಎಣಿಸುವುದು ಅಸಾಧ್ಯವಾದ ಕಾರ್ಯವೇನಲ್ಲ. ಇಂದಿನ ಬಹುತೇಕ ಪ್ರಯಾಣಿಕ ವಿಮಾನಗಳು ತಾವಿರುವ ಸ್ಥಳ, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್ ಅಲೆಯಲ್ಲಿ ಕ್ಷಣಕ್ಷಣಕ್ಕೂ ಸಾರುತ್ತಿರುತ್ತವೆ. ಆ ಸಂಕೇತಗಳನ್ನು ಬಿಡಿಸಿ ಓದುವ 'ಡಂಪ್ 1090' ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಪರೀಕ್ಷಿಸಿ ಬಳಸಬಹುದು. ಎರಡು ವಿಮಾನಗಳು ಹಿಡಿದ ದಿಕ್ಕು ವೇಗಗಳಲ್ಲಿಯೇ ಮುಂದುವರಿದರೆ ಅಪಾಯಕರವಾಗಿ ಸಮೀಪಿಸುವುವೇ ಎಂಬುದನ್ನು ಗಣಿಸುವ 'ಡೈಡಲಸ್' ಎಂಬ ತಂತ್ರಾಂಶದ ಮೂಲಸಂಹಿತೆಯನ್ನು ಅಮೆರಿಕದ ನಾಸಾ ಸಂಸ್ಥೆಯವರೇ ಬಹಿರಂಗಪಡಿಸಿದ್ದಾರೆ. ಪ್ರತಿಯೊಂದು ಜೋಡಿಯ ಅಂತರವನ್ನು ಕ್ಷಣಕ್ಷಣಕ್ಕೂ ಅಳೆದು, ನಿಗದಿಯಾದ ಮಿತಿಗಿಂತ ಕಡಮೆಯಾದವನ್ನು ಬೇರ್ಪಡಿಸುವುದು ಗಣಕಯಂತ್ರಕ್ಕೆ ಸುಲಭಸಾಧ್ಯ.

ಇಂತಹ ಲೆಕ್ಕದಿಂದ ಜನರಲ್ಲಿ ವೃಥಾ ಭೀತಿ ಹರಡೀತೆಂದು ಕೆಲವರು ಆಕ್ಷೇಪಿಸಬಹುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸಮಾನಾಂತರವಾದ ಎರಡು ಓಡುದಾರಿಗಳಿಗೆ ಏಕಕಾಲದಲ್ಲಿ ಇಳಿಯುವ ವಿಮಾನಗಳು ಸಮೀಪವಿದ್ದರೂ ಅಪಾಯದಲ್ಲಿರುವುದಿಲ್ಲ. ತಪ್ಪಾಗಿ ಗ್ರಹಿಸಿದ ಒಂದು ಸಂಕೇತವು ಇಲ್ಲದ ಸಾಮೀಪ್ಯವನ್ನು ತೋರಿಸಬಹುದು. ಅಲ್ಲದೆ, ಸಾರದೆ ಹಾರುವ ವಿಮಾನವು ಈ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ. ವಾಷಿಂಗ್ಟನ್ನಿನ ಆ ಹೆಲಿಕಾಪ್ಟರು ಅಂದು ತನ್ನ ಸ್ಥಾನವನ್ನು ಹೀಗೆ ಸಾರುತ್ತಿರಲಿಲ್ಲ. ಆದಕಾರಣ ರಾಡಾರಿನ ದಾಖಲೆಯೂ ಅನುಭವಸ್ಥ ನಿಯಂತ್ರಕರ ವಿವೇಚನೆಯೂ ಜತೆಗಿರಬೇಕು. ಆದರೆ ಈ ಕುಂದುಗಳು ಎಣಿಕೆಯನ್ನು ತಿದ್ದುವುದಕ್ಕೆ ಕಾರಣವೇ ಹೊರತು ಬಿಡುವುದಕ್ಕಲ್ಲ. ವಿಧಾನವು ಬಯಲಿನಲ್ಲಿದ್ದರೆ ಬಲ್ಲವರು ಅದರ ತಪ್ಪನ್ನು ತೋರಿಸಿಕೊಡುವರು. ಬೀಗದೊಳಗಿನ ಲೆಕ್ಕವನ್ನು ತಿದ್ದುವವರಾರು?

ಇದು ದೂರದೇಶದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಹೊಡೆದು 349 ಮಂದಿ ಮೃತರಾದರು. 2022ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಎರಡು ಓಡುದಾರಿಗಳಿಂದ ಬಹುಮಟ್ಟಿಗೆ ಏಕಕಾಲದಲ್ಲಿ ಮೇಲೇರಿದ ಎರಡು ವಿಮಾನಗಳು ಒಂದರತ್ತ ಒಂದು ಸಾಗುತ್ತಿದ್ದುದನ್ನು ರಾಡಾರ್ ನಿಯಂತ್ರಕರು ಕಂಡು ಎಚ್ಚರಿಸಿದುದರಿಂದ ಮಹಾವಿಪತ್ತು ತಪ್ಪಿತು. ಈ ಘಟನೆಯು ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗಿರಲಿಲ್ಲವೆಂದು ಅಧಿಕಾರಿಗಳೇ ಅಂದು ಪತ್ರಿಕೆಗಳಿಗೆ ತಿಳಿಸಿದರು. ಮನುಷ್ಯನು ಬರೆಯಲು ಮರೆಯಬಹುದು, ಹಿಂಜರಿಯಲೂಬಹುದು. ಸಂಕೇತಗಳ ದಾಖಲೆಗೆ ಮರೆವೂ ಇಲ್ಲ, ದಾಕ್ಷಿಣ್ಯವೂ ಇಲ್ಲ.

ಆದುದರಿಂದ ಕೇಂದ್ರ ಸರ್ಕಾರದ ವಿಮಾನಯಾನ ಅಧಿಕಾರಿಗಳು ಪ್ರತಿಯೊಂದು ದೊಡ್ಡ ನಿಲ್ದಾಣದ ದಾಖಲೆಯನ್ನೂ ಇಂತಹ ಮುಕ್ತ ತಂತ್ರಾಂಶದಿಂದ ತಿಂಗಳು ತಿಂಗಳಿಗೂ ಶೋಧಿಸಿ, ಫಲವನ್ನೂ ವಿಧಾನವನ್ನೂ ಪ್ರಕಟಿಸತಕ್ಕದ್ದೆಂದು ನಾವು ಒತ್ತಾಯಪಡಿಸುತ್ತೇವೆ. ಈಗಾಗಲೇ ಶೋಧಿಸುತ್ತಿದ್ದಲ್ಲಿ ಅದನ್ನು ಜನತೆಯ ಮುಂದಿಡಲಿ. ಈ ಲೆಕ್ಕವು ದುಡಿದು ದಣಿದ ನಿಯಂತ್ರಕರನ್ನು ದಂಡಿಸುವ ಸಾಧನವಾಗಕೂಡದು. ದಂಡನೆಯ ಭಯವಿರುವಲ್ಲಿ ಸತ್ಯವು ಮರೆಯಾಗುತ್ತದೆ. ಯಾವ ಮಾರ್ಗ, ಯಾವ ಹೊತ್ತು, ಯಾವ ಏರ್ಪಾಡು ಅಪಾಯವನ್ನು ಮರುಮರಳಿ ತರುತ್ತಿದೆಯೆಂಬುದನ್ನು ಅದು ತೋರಿಸಿದರೆ ಸಾಕು. ಟಿಕೆಟ್ಟು ಕೊಂಡು ವಿಮಾನವನ್ನೇರುವ ಪ್ರಜೆಯು ತನ್ನ ಪ್ರಾಣವನ್ನು ಇವರ ವಶಕ್ಕೆ ಒಪ್ಪಿಸುತ್ತಾನೆ. ಲೆಕ್ಕ ಕೇಳುವ ಹಕ್ಕು ಅವನದು. ಶವಗಳನ್ನು ಎಣಿಸುವ ಮೊದಲು ಎಚ್ಚರಿಕೆಗಳನ್ನು ಎಣಿಸುವ ಹೊಣೆ ಅಧಿಕಾರಿಗಳದು.