ಜೋಗಕ್ಕೆ ಎಷ್ಟು ನೀರು?

ಬ್ರೆಜಿಲ್ ಮತ್ತು ಅರ್ಜೆಂಟೀನ ದೇಶಗಳ ಎಲ್ಲೆಯಲ್ಲಿ ಹರಿಯುವ ಇಗ್ವಾಸು ನದಿಯು ಸುಮಾರು 2.7 ಕಿಲೋಮೀಟರು ಅಗಲದ ಬಂಡೆಯಂಚಿನಿಂದ ನೂರಾರು ಧಾರೆಗಳಾಗಿ ಧುಮುಕುತ್ತದೆ. ಅದರ ಅತ್ಯುನ್ನತ ಧಾರೆಯೂ ಸುಮಾರು 80 ಮೀಟರು ಮಾತ್ರ. ನಮ್ಮ ಜೋಗದ ಎತ್ತರ 253 ಮೀಟರು. ಆದರೂ ಇಗ್ವಾಸುವನ್ನು ಕಾಣಲು ವರ್ಷವಿಡೀ ಹೋಗಬಹುದು. ಬೈಂದೂರಿನಿಂದ ಭಟ್ಕಳ, ಹೊನ್ನಾವರಗಳ ಮಾರ್ಗವಾಗಿ ಬೇಸಗೆಯಲ್ಲಿ ಜೋಗಕ್ಕೆ ಹೋದ ವಿದ್ಯಾರ್ಥಿಗಳಿಗೆ ಕಾಣುವುದು ಬಹುಪಾಲು ಕರಿಬಂಡೆ.

ಶರಾವತಿಯೂ ಒಂದು ಕಾಲಕ್ಕೆ ಎಲ್ಲೆಯ ನದಿಯೇ. 1956ರಲ್ಲಿ ರಾಜ್ಯಗಳು ಪುನಾರಚನೆಯಾಗುವವರೆಗೆ ಜೋಗದ ಒಂದು ದಡ ಮೈಸೂರಿಗೂ ಇನ್ನೊಂದು ದಡ ಮುಂಬಯಿಗೂ ಸೇರಿತ್ತು. ಒಂದೇ ಜಲಪಾತವನ್ನು ನೋಡಲು ಎರಡು ಕಡೆಗಳಲ್ಲಿ ಎರಡು ಬಂಗಲೆಗಳು! 1948ರಲ್ಲಿ ಇಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಅಂದಿನಿಂದ ಜೋಗದ ನೀರಿಗೆ ಮಳೆಗಾಲವೇ ಆಶ್ರಯ.

ಇದನ್ನು ಅನ್ಯಾಯವೆಂದು ದೂರುವವನು ನಾನಲ್ಲ. ನಮ್ಮ ಪ್ರಯೋಗಶಾಲೆಗಳ ದೀಪ ಉರಿಯುವುದು ಇಂಥ ನೀರಿನಿಂದಲೇ. ಆದರೆ ಬೇಸಗೆಯಲ್ಲಿ ಜೋಗಕ್ಕೆ ಬಿಟ್ಟ ನೀರೆಲ್ಲ ದಂಡವೆಂಬ ಮಾತನ್ನು ಲೆಕ್ಕಮಾಡದೆ ಒಪ್ಪಲಾಗದು. ಲೆಕ್ಕವೋ, ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದಾದದ್ದು. ಸೆಕೆಂಡಿಗೆ 10 ಘನಮೀಟರು, ಎಂದರೆ ಹತ್ತು ಸಾವಿರ ಕಿಲೋಗ್ರಾಂ ನೀರು, 253 ಮೀಟರು ಬೀಳುತ್ತದೆನ್ನೋಣ. ರಾಶಿ, ಗುರುತ್ವದ ವೇಗೋತ್ಕರ್ಷ 9.8, ಎತ್ತರ, ಈ ಮೂರನ್ನು ಗುಣಿಸಿದರೆ ಸುಮಾರು 25 ಮೆಗಾವಾಟ್ ದೊರೆಯುತ್ತದೆ. ಭಾನುವಾರ ಮೂರು ಗಂಟೆಗಳ ಕಾಲ ಹೀಗೆ ಬಿಟ್ಟರೆ ಖರ್ಚಾಗುವುದು 75,000 ಯೂನಿಟ್. 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರವು ಪೂರ್ಣ ಸಾಮರ್ಥ್ಯದಲ್ಲಿ ಇಷ್ಟನ್ನು ಐದು ನಿಮಿಷಗಳೊಳಗೆ ಉತ್ಪಾದಿಸಬಲ್ಲದು. ಅಲ್ಲಿನ ಕೊಳವೆಗಳಲ್ಲಿ ನೀರು ಜಲಪಾತಕ್ಕಿಂತ ಹೆಚ್ಚಿನ ಎತ್ತರದಿಂದ ಇಳಿಯುತ್ತದೆಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಲೆಕ್ಕವನ್ನು ಇಮ್ಮಡಿಸೋಣ, ಒಂಬತ್ತು ನಿಮಿಷವಾಯಿತು. ಅಲ್ಲದೆ ಜೋಗದಲ್ಲಿ ಬಿದ್ದ ನೀರು ಕೆಳಗೆ ಗೇರುಸೊಪ್ಪೆಯ ಅಣೆಕಟ್ಟನ್ನು ಸೇರಿ ಅಲ್ಲಿಯ ಯಂತ್ರಗಳನ್ನೂ ತಿರುಗಿಸುತ್ತದೆ.

ಇಂಥ ಏರ್ಪಾಟು ಹೊಸದಲ್ಲ. ನಯಾಗರ ಕೂಡ ಎಲ್ಲೆಯ ನದಿ. ಅಮೆರಿಕ ಮತ್ತು ಕೆನಡ 1950ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಪ್ರವಾಸಿಗಳು ಬರುವ ತಿಂಗಳುಗಳ ಹಗಲಿನಲ್ಲಿ ಜಲಪಾತದ ಮೇಲೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು ಹರಿಯಲೇಬೇಕು. ರಾತ್ರಿಯಲ್ಲೂ ಚಳಿಗಾಲದಲ್ಲೂ ಅದರ ಅರ್ಧ ಸಾಕು. ಉಳಿದದ್ದು ಯಂತ್ರಗಳಿಗೆ. ಇನ್ನೊಂದು ತುದಿಯ ಉದಾಹರಣೆ ಇಗ್ವಾಸುವಿನ ನೆರೆಯಲ್ಲೇ ಇದೆ. ಅದು ಸೇರುವ ಪರಾನಾ ನದಿಯಲ್ಲಿ ಗ್ವೈರಾ ಎಂಬ ಮಹಾಜಲಪಾತವಿತ್ತು. 1982ರಲ್ಲಿ ಇತಾಯ್ಪು ಅಣೆಕಟ್ಟಿನ ನೀರು ಅದನ್ನು ಮುಳುಗಿಸಿತು. ಇನ್ನು ಅದನ್ನು ಯಾವ ಬಾಗಿಲು ತೆರೆದು ತೋರಿಸೋಣ? ಜೋಗದ ಬಂಡೆಯಾದರೂ ಸ್ವಸ್ಥಾನದಲ್ಲಿದೆ.

ನಮ್ಮ ಕುಂದಾಪುರದ ವಾರಾಹಿಯ ಮಾತೇನೆಂದು ಕೇಳಬಹುದು. ಘಟ್ಟದಲ್ಲಿ ಅದರ ಕುಂಚಿಕಲ್ ಜಲಪಾತ 455 ಮೀಟರು ಇಳಿಯುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ಮಾಣಿಯ ಅಣೆಕಟ್ಟು ಕಟ್ಟಿ, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ನೀರನ್ನು ತಿರುಗಿಸಿದ ಮೇಲೆ ಅದೂ ಮಳೆಗಾಲದ ಜಲಪಾತವೇ ಆಯಿತು. ಅಲ್ಲಿ ವೈಭವಕ್ಕಾಗಿ ನೀರು ಬಿಡಿರೆಂದು ನಾನು ಕೇಳುವುದಿಲ್ಲ. ದಟ್ಟ ಕಾಡಿನೊಳಗೆ ನೋಡುವವರು ವಿರಳ. ಮೀನು, ಕಪ್ಪೆಗಳಿಗೆ ಬೇಕಾದ ಸಣ್ಣ ಹರಿವು ಬೇರೆಯ ವಿಷಯ. ಅದು ಎಲ್ಲ ಹೊಳೆಗಳಿಗೂ ಸಲ್ಲತಕ್ಕದ್ದು.

ಜೋಗಕ್ಕೆ ಬೇಕಾದದ್ದು ಮೊದಲೇ ಪ್ರಕಟಿಸಿದ ದಿನ, ಪ್ರಕಟಿಸಿದ ಗಂಟೆ, ಪ್ರಕಟಿಸಿದ ಪರಿಮಾಣ. ಜಲಾಶಯ ತಗ್ಗಿದಾಗ ನೀರನ್ನು ಯಾವ ಬಾಗಿಲಿನಿಂದ ಬಿಡುವುದೆಂಬುದು ಎಂಜಿನಿಯರರ ಪ್ರಶ್ನೆ. ಅದು ಸುಲಭವೆಂದು ಹೇಳಲಾರೆ. ಆದರೆ ಕಾಲೇಜಿನ ಪ್ರವಾಸಗಳು ಹೆಚ್ಚಾಗಿ ಹೊರಡುವುದು ಡಿಸೆಂಬರ್, ಜನವರಿಗಳಲ್ಲಿ. ಒಳ್ಳೆಯ ಮಳೆಯಾದ ವರ್ಷ ಆಗ ಲಿಂಗನಮಕ್ಕಿಯಲ್ಲಿ ಇನ್ನೂ ಸಾಕಷ್ಟು ನೀರಿರುತ್ತದೆ.